ಸೂತಕವಿಲ್ಲದವನು

ಹರಿಹರ ಬೆಳಿಗ್ಗೆಯಿಂದ ನಗುತ್ತಲೇ ಇದ್ದ. ಮೋಹನನಿಗೆ ತಡೆದುಕೊಳ್ಳಲು ಆಗದೇ ಇದ್ದದ್ದು ಅದೊಂದೇ. ಲಿಸ್ಬನ್ನಿನ ಆ ಏರುಬೀದಿಯಲ್ಲಿ, ನುಣುಪು ಕಲ್ಲುಗಳ ಮೇಲೆ ಜಾರದ ಹಾಗೆ ಕಾಲೂರುತ್ತ, ಬೆನ್ನಿನ ದೊಡ್ಡ ಚೀಲದ ಪಟ್ಟಿಗಳನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಹೋಗುತ್ತಿದ್ದವನು ಮತ್ತೆ ಮತ್ತೆ ತಿರುಗಿ ನಿಂತು, ನೋಡು ಮಾರಾಯ, ಮನೆಯ ಹೊರಗೋಡೆಗೆಲ್ಲ ಬಚ್ಚಲಿನ ಟೈಲ್ಸು ಹಚ್ಚಿದ್ದಾರೆ ಎಂದು ನಗುತ್ತಿದ್ದ. ಕಿಟಕಿಯಿಂದ ಬಗ್ಗಿ ಬಟ್ಟೆ ಒಣಹಾಕುತ್ತಿದ್ದ ಮುದುಕಿಗೆ ಕೈಬೀಸಿ ನಗುತ್ತಿದ್ದ. ಹಳದಿ ಟ್ರಾಮು ಕಿರುಗುಟ್ಟುತ್ತ ಏರಿ ಬಂದರೆ, ತನ್ನ ಮೊಬೈಲು ಕದ್ದವ ಇದರಲ್ಲೇ ಕೂತಿರಬೇಕು ಎಂದು ಅದಕ್ಕೂ ನಗುತ್ತಿದ್ದ. ಬಂದ ಮರುದಿನವೇ ಟ್ರಾಮಿನ ನೂಕುನುಗ್ಗಲಿನಲ್ಲಿ ಅವನ ಮೊಬೈಲು ಹೋಗಿತ್ತು. ಹೋದರೆ ಹೋಯಿತು, ಊರವರ ಕಾಟ ತಪ್ಪಿತು ಎಂದು ಹಗುರವಾಗಿಬಿಟ್ಟಿದ್ದ. ಅಂದಿನಿಂದ ಊರಿಗೂ ಅವನಿಗೂ ನಡುವೆ ಉಳಿದದ್ದು ಮೋಹನನ ಮೊಬೈಲು ಮಾತ್ರ. ಮೋಹನ ಅದನ್ನು ಪ್ಯಾಂಟಿನ ಕಿಸೆಯಲ್ಲಿಟ್ಟು, ಕಿಸೆಯ ಮೇಲೆ ಅಂಗೈ ಒತ್ತಿ ಹಿಡಿದೇ ನಡೆಯುತ್ತಿದ್ದ. ಹರಿಹರನ ಅಣ್ಣ ಸುಬ್ರಾಯಣ್ಣ ಸತ್ತ ಸುದ್ದಿ ಅದರೊಳಗಿತ್ತು. ಮೊನ್ನೆಯೇ ಸತ್ತಿದ್ದ. ಕಾಯ್ಕಿಣಿಯ ಮನೆಯಲ್ಲಿ ಬೆಳಗಿನ ಚಾ ಕುಡಿದು ಲೋಟ ಕೆಳಗಿಡುವಾಗ ಎದೆ ಹಿಡಿದುಕೊಂಡವನು ಮತ್ತೆ ಏಳಲಿಲ್ಲ. ದಹನವೂ ಆಗಿಹೋಗಿತ್ತು. ಇಲ್ಲಿ ತಮ್ಮ ಟೈಲ್ಸು ನೋಡಿ ನಗುತ್ತಿದ್ದ.

ಮೊನ್ನೆ ಫೋನು ಬಂದಾಗ ಅವರು ನದಿಯ ದಂಡೆಯ ದೊಡ್ಡ ಕ್ರೈಸ್ತ ಮಠದ ಹತ್ತಿರ ಇದ್ದರು. ಚೀಲ ಹೊತ್ತು ಒಳಗೆ ಬಿಡುವುದಿಲ್ಲವೆಂದು ಒಬ್ಬರಾದ ಮೇಲೆ ಒಬ್ಬರು ನೋಡಿ ಬರುವ ಮಾತಾಗಿತ್ತು. ಮೊದಲು ಹರಿಹರ ಹೋಗಿದ್ದ. ಎರಡು ಚೀಲಗಳ ನಡುವೆ ಹುಲ್ಲಿನ ಮೇಲೆ ಕೂತು ಬೂಟಿನ ಕಲ್ಲು ತೆಗೆಯುತ್ತಿದ್ದ ಮೋಹನನಿಗೆ ಸುಬ್ರಾಯಣ್ಣನ ಮಗ ಅನೂಪನ ದನಿ ಮೊದಲು ಗುರುತೇ ಸಿಗಲಿಲ್ಲ. ಅತ್ತು ಮುಗಿಸಿದವನ ಒಣ ದನಿ ಅದು. "ಮಾಸ್ತರೆ, ಅಪ್ಪಯ್ಯ ಹೋದ. ಚಿಕ್ಕಪ್ಪಂಗೆ ಹೇಳಡಿ" ಎಂದ. ಮೋಹನ ಬಾಯಿ ತೆರೆಯುವ ಮೊದಲೇ ಯಾಕೆ ಹೇಳಬಾರದು ಎನ್ನುವುದನ್ನೂ ಹೇಳಿಬಿಟ್ಟ. ದೂರದಲ್ಲಿದ್ದವನಿಗೆ ಸೂತಕ ಹಿಡಿಯುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ಅಲ್ಲಿ ಕೇಳಿದರೆ ಅಲ್ಲೇ ಹಿಡಿಯುತ್ತದೆ. ಎಲ್ಲಿ ಮೀಯುತ್ತಾನೆ, ಏನು ಬೇಯಿಸಿ ಉಣ್ಣುತ್ತಾನೆ, ಮೊದಲೇ ಬಿಪಿಯ ಮನುಷ್ಯ, ಪರದೇಶದಲ್ಲಿ ಒಂದು ಹೋಗಿ ಇನ್ನೊಂದಾದರೆ ಯಾರು ನೋಡುತ್ತಾರೆ? ಹೇಗೂ ಈ ವಾರದಲ್ಲೇ ವಾಪಸು ಬರುವವರು, ಬಂದ ಮೇಲೆ ಅಂಗಳದಲ್ಲೇ ನಿಲ್ಲಿಸಿ ಹೇಳಿ ಮೀಯಿಸಿದರಾಯಿತು ಎಂದು ಭಟ್ಟರೂ ಒಪ್ಪಿದ್ದಾರಂತೆ. ಕೊನೆಗೆ, ಇಷ್ಟೆಲ್ಲ ಭಾರ ಹೊರಿಸಿದ್ದಕ್ಕೆ ಸಮಾಧಾನವೆಂಬಂತೆ, "ನಿಮಗೆ ಹೇಂಗೂ ಸೂತಕ ಇಲ್ಲೆ. ನಿಮ್ಮ ಹತ್ರ ಹೇಳಲೆ ತೊಂದ್ರಿಲ್ಲೆ" ಎಂದ. ಆತು ಎಂದ ಮೋಹನ. ಅದೊಂದೇ ಮಾತು. ಹೈಸ್ಕೂಲಿನ ಮಕ್ಕಳಿಗೆ ಇಷ್ಟು ವರ್ಷ ಇತಿಹಾಸ ಪಾಠ ಮಾಡಿ, ಹೆದ್ದಾರಿಗೆ ಜಾಗ ಕಳೆದುಕೊಂಡವರ ಸಭೆಗಳಲ್ಲಿ ಮೈಕು ಹಿಡಿದು ಮಾತಾಡಿದ ನಾಲಿಗೆ ಕೊನೆಗೆ ಆಡಿದ್ದು, ಒಡೆಯರ ಮನೆಯ ಮೆಟ್ಟಿಲ ಕೆಳಗೆ ನಿಂತವರು ಆಡುವ ಆ ಒಂದು ಮಾತು.

ಆಮೇಲೆ ಹರಿಹರ ಹೊರಗೆ ಬಂದ. ಇಲ್ಲಿಂದ ಹಡಗಿನಲ್ಲಿ ಬಂದು ನಮ್ಮ ಭಟ್ಕಳದ ಮೇಲೆ ಗುಂಡು ಹಾರಿಸಿದ ಪುಣ್ಯಾತ್ಮ ಒಳಗೆ ಗೋರಿಯ ಮೇಲೆ ಕಲ್ಲಾಗಿ ಕೈಮುಗಿದು ಮಲಗಿದ್ದಾನೆ, ನೀನು ಇತಿಹಾಸದ ಮಾಸ್ತರು, ಹೋಗಿ ನಾಲ್ಕು ಮಾತು ಕೇಳಿ ಬಾ ಎಂದು ಮೋಹನನ ಬೆನ್ನು ತಟ್ಟಿದ. ಮೋಹನ ಎದ್ದವನು ಹೋಗಲಿಲ್ಲ. ಸತ್ತ ಮನೆಯ ಮೈಲಿಗೆಯಲ್ಲಿ ದೇವರಿರುವ ಜಾಗಕ್ಕೆ ಹೋಗಬಾರದು ಎಂದು ಕಾಲು ತಾನಾಗಿ ಹಿಂದೆ ಸರಿಯಿತು. ಯಾರ ಮೈಲಿಗೆ, ಯಾರ ದೇವರು ಎಂದು ಆಮೇಲೆ ಕೇಳಿಕೊಂಡ. ಅಂದು ಸಂಜೆ ಹಾಸ್ಟೆಲಿನ ಸ್ನಾನದ ಗೂಡಿನಲ್ಲಿ, ಪಕ್ಕದ ಗೂಡಿನಲ್ಲಿ ಯಾರೋ ಹುಡುಗರು ಹಾಡು ಹೇಳುತ್ತಿರುವಾಗ, ಅಂಗಿ ಪ್ಯಾಂಟು ಸಮೇತ ತಣ್ಣೀರಿನ ಕೆಳಗೆ ನಿಂತುಬಿಟ್ಟ. ಒದ್ದೆ ಬಟ್ಟೆಯನ್ನು ಹಿಂಡುವಾಗ ಮೈಯೆಲ್ಲ ಹಿಡಿಯಾಗುವಷ್ಟು ನಾಚಿಕೆಯಾಯಿತು. ಆದರೆ ಶುರುಮಾಡಿದ್ದನ್ನು ನಿಲ್ಲಿಸಲು ಆಗಲಿಲ್ಲ. ಸಿಹಿ ಬಿಟ್ಟ. ಮಾವಳ್ಳಿಯ ಕಡಲ ಬದಿಯಲ್ಲಿ ಹುಟ್ಟಿ, ಮೀನಿಲ್ಲದೆ ತುತ್ತು ಇಳಿಯದವನು, ಬೀದಿಬೀದಿಯಲ್ಲಿ ಬಂಗಡೆಯಂಥ ಮೀನು ಸುಡುವ ಈ ಊರಿನಲ್ಲಿ ಮೀನು ಬಿಟ್ಟ. ತಿಳಿಯದ ಹರಿಹರ ಆಚರಿಸಲಾರದ್ದನ್ನು ತಿಳಿದ ತಾನು ಆಚರಿಸಿದರೆ ಎಲ್ಲೋ ಯಾವುದೋ ಲೆಕ್ಕ ಸರಿಹೋದೀತು ಎನ್ನುವಂತೆ. ಹಾಗೆ ಬದಲಿ ಸೂತಕ ಎನ್ನುವುದು ಯಾವ ಶಾಸ್ತ್ರದಲ್ಲೂ ಇಲ್ಲ ಎಂದು ಅವನಿಗೂ ಗೊತ್ತಿತ್ತು.

ಈಗ ಪೇಟೆಯ ತಿರುವಿನಲ್ಲಿ ಸಿಹಿತಿಂಡಿಯ ಅಂಗಡಿ ಬಂತು. ಬಿಸಿ ಬಿಸಿ ತಟ್ಟೆ ಒಳಗಿನಿಂದ ಬರುತ್ತಿತ್ತು. ಹಳದಿ ಹೂರಣ ತುಂಬಿ ಮೇಲೆ ಸುಟ್ಟ ಕಲೆ ಬಿದ್ದ ಪುಟ್ಟ ಬಟ್ಟಲುಗಳು. ಹರಿಹರ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ಒಂದನ್ನು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ನಿಂತ. ಮೊಟ್ಟೆ ಇದ್ದೇ ಇದೆ ಇದರಲ್ಲಿ, ಇರಲಿ, ಇಲ್ಲಿ ಯಾರು ನೋಡುತ್ತಾರೆ ಎಂದ. ಇನ್ನೊಂದನ್ನು ಮೋಹನನ ಬಾಯಿಯ ಹತ್ತಿರಕ್ಕೇ ತಂದ. ಮೋಹನ ಮುಖ ತಿರುಗಿಸಿದ. ಸಕ್ಕರೆ ಕಾಯಿಲೆ ಬಂದಿದೆಯೋ ಏನೋ, ನನ್ನ ಹತ್ತಿರ ಮುಚ್ಚಿಡುತ್ತೀಯ, ಊರಿಗೆ ಹೋಗಿ ಕಲ್ಪನಾಳಿಗೆ ಹೇಳುತ್ತೇನೆ ನೋಡು ಎಂದು ಹರಿಹರ ಮೋಹನನ ಹೆಂಡತಿಯ ಹೆಸರು ಹೇಳಿ ಹೆದರಿಸಿದ. ಮೋಹನ ಹೂಂ ಎಂದ. ಮುಚ್ಚಿಡುತ್ತೀಯ ಎನ್ನುವ ಮಾತಿಗೆ ಮಾತ್ರ ಕಿಸೆಯ ಮೇಲಿನ ಅಂಗೈ ಇನ್ನಷ್ಟು ಒತ್ತಿತು. ಸಾವಿನ ಮನೆಯವನು ಎದುರಿಗೆ ನಿಂತು ಸಿಹಿ ಚಪ್ಪರಿಸುತ್ತಿದ್ದಾನೆ. ತುಟಿಯ ಅಂಚಿಗೆ ಹೂರಣ ಹತ್ತಿದೆ. ನಾಳೆ ತಿಳಿದಾಗ ಈ ಸಿಹಿ ಅವನ ಹೊಟ್ಟೆಯಲ್ಲಿ ಏನಾಗಬಹುದು? ತಿನ್ನಲು ಬಿಟ್ಟು ನೋಡುತ್ತಿದ್ದವನನ್ನು ಅವನು ಏನೆಂದು ಕರೆದಾನು?

ಹೇಳಿಬಿಡಬಹುದಿತ್ತು. ನಿನ್ನೆ ಗುಡ್ಡದ ಮೇಲಿನ ಕೋಟೆಯಲ್ಲಿ ಬಾಯಿಯವರೆಗೆ ಬಂದಿತ್ತು; ಹರಿಹರ ತನ್ನ ನೀರಿನ ಬಾಟಲಿ ಖಾಲಿಯಾಯಿತೆಂದು ಮೋಹನನ ಬಾಟಲಿ ಕಸಿದು, ಎತ್ತಿ ಹೊಯ್ದುಕೊಳ್ಳದೆ, ಕಚ್ಚಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಮರಳಿ ಕೊಟ್ಟ. ಇಷ್ಟು ವರ್ಷದ ಸ್ನೇಹದಲ್ಲಿ ಮೊದಲ ಸಲ. ಹಾಗೆ ಕಚ್ಚಿ ಕುಡಿದದ್ದು ಅವನಿಗೆ ಗೊತ್ತೇ ಆಗಲಿಲ್ಲ, ಅದೇ ದೊಡ್ಡದು. ಮೋಹನ ಆ ಬಾಟಲಿಯನ್ನು ಹಿಡಿದು ಸುಮಾರು ಹೊತ್ತು ನಿಂತಿದ್ದ. ಹೊನ್ನಾವರದಲ್ಲಿ ಕಾಲೇಜಿಗೆ ಹೋಗುವಾಗ ಶರಾವತಿಯ ಸೇತುವೆಯ ಮೇಲೆ ನಿಂತು, ಒಂದು ದಿನ ಚೀಲ ಹೊತ್ತು ಯುರೋಪು ತಿರುಗೋಣ ಎಂದು ಇಬ್ಬರೂ ಅಂದುಕೊಂಡದ್ದು ಇದಕ್ಕಾಗಿಯೇ ಇರಬೇಕು. ಹರಿಹರನಿಗೆ ಊರು ನೋಡಬೇಕಿತ್ತು. ಮೋಹನನಿಗೆ ಊರಿಲ್ಲದ ಒಂದು ಜಾಗದಲ್ಲಿ ಹರಿಹರನ ಜೊತೆ ಇರಬೇಕಿತ್ತು, ಮೇಲಿನ ಮಂಚದಲ್ಲಿ ಅವನು, ಕೆಳಗಿನ ಮಂಚದಲ್ಲಿ ತಾನು, ಒಂದೇ ತಟ್ಟೆಯ ರೊಟ್ಟಿ. ಸುದ್ದಿ ಬಾಯಿಂದ ಹೊರಬಿದ್ದ ಗಳಿಗೆಯಲ್ಲೇ ಇವನು ಪುನಃ ಕಾಯ್ಕಿಣಿಯ ಒಡೆಯರ ಮನೆಯವನಾಗುತ್ತಾನೆ. ಪ್ರತ್ಯೇಕ ಕೂರುತ್ತಾನೆ, ಪ್ರತ್ಯೇಕ ಬೇಯಿಸಿಕೊಳ್ಳುತ್ತಾನೆ, ಮುಟ್ಟಬೇಡ ಎನ್ನುತ್ತಾನೆ. ಹಾಗಾದರೆ ತಾನು ಬಾಯಿ ಮುಚ್ಚಿಕೊಂಡಿರುವುದು ಅನೂಪನ ಮಾತಿಗಲ್ಲ, ಇವನ ಬಿಪಿಗೂ ಅಲ್ಲ. ಒಂದು ಬಾಟಲಿ ನೀರಿಗೆ. ಇದು ಹೊಳೆದಾಗ ಮೋಹನನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಕಾಯ್ಕಿಣಿಯ ಆ ಮನೆಯಲ್ಲಿ ಮೋಹನನಿಗೆಂದೇ ಒಂದು ಲೋಟ ಇತ್ತು. ಅಂಗಳದ ತೆಂಗಿನ ಬುಡದಲ್ಲಿ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿರುತ್ತಿದ್ದ ಸ್ಟೀಲಿನ ಲೋಟ. ಶಾಲೆಗೆ ಹೋಗುವಾಗ ಹರಿಹರನನ್ನು ಕರೆಯಲು ಬಂದವನು ಅದನ್ನು ಹಿಡಿದು ನಿಲ್ಲಬೇಕು, ಹರಿಹರನ ತಾಯಿ ಮಾದೇವಮ್ಮ ಮೇಲಿನಿಂದ ಚಾ ಹೊಯ್ಯುವಳು, ಕುಡಿದು ತೊಳೆದು ಅಲ್ಲೇ ಬೋರಲು ಹಾಕಬೇಕು. ಅದರಲ್ಲಿ ಕೆಟ್ಟತನ ಇತ್ತೆಂದು ಹೇಳಲಾಗದು. ಆಕೆ ಬೆಲ್ಲ ಜಾಸ್ತಿ ಹಾಕಿಯೇ ಕೊಡುತ್ತಿದ್ದಳು. ಸುಬ್ರಾಯಣ್ಣ ಮಾತ್ರ ತನ್ನ ಲೋಟ ಹಿಡಿದು ಜಗಲಿ ಇಳಿದು ಬಂದು ಮೋಹನನ ಪಕ್ಕ ಕೂತು ಕುಡಿಯುತ್ತಿದ್ದ. ಏನೂ ಮಾತಾಡುತ್ತಿರಲಿಲ್ಲ, ಮಾತಿನ ಮನುಷ್ಯನೇ ಅಲ್ಲ. ಕುಡಿದು ಎದ್ದು, ತನ್ನ ಲೋಟವನ್ನೂ ತಾನೇ ತೊಳೆದು, ಅದೇ ಕಲ್ಲಿನ ಮೇಲೆ ಮೋಹನನ ಲೋಟದ ಪಕ್ಕ ಬೋರಲು ಹಾಕಿ ತೋಟಕ್ಕೆ ಹೋಗುತ್ತಿದ್ದ. ಆ ಮನೆಯಲ್ಲಿ ತನ್ನ ಲೋಟ ತಾನು ತೊಳೆದ ಇನ್ನೊಬ್ಬ ಮನುಷ್ಯ ಅವನೊಬ್ಬನೇ. ಮೋಹನನ ಅಪ್ಪ ದುರ್ಗಪ್ಪ ತೀರಿಕೊಂಡಾಗ ಮಾವಳ್ಳಿಯ ಮರಳಿನ ದಾರಿಯಲ್ಲಿ ಚಟ್ಟಕ್ಕೆ ಹೆಗಲು ಕೊಡಲು ಬಂದವನೂ ಅವನೇ. ಕೇರಿಯವರು ಬೇಡ ಒಡೆಯ, ಬೇಡ ಎನ್ನುತ್ತಿದ್ದರೂ ಕೇಳಿಸದವನಂತೆ ಹೆಗಲು ಬಗ್ಗಿಸಿದ. ಅಂಥವನು ಸತ್ತಿದ್ದಾನೆ. ನಿಮಗೆ ಹೇಂಗೂ ಸೂತಕ ಇಲ್ಲೆ. ಅಳುವುದಾದರೂ ಎಲ್ಲಿ? ಹಾಸ್ಟೆಲಿನ ಮಂಚದಲ್ಲಿ ಮಗ್ಗುಲಾದರೆ ಮೇಲಿನವನಿಗೆ ಅಲುಗಾಡುತ್ತದೆ.

ನೋಡು, ನದಿ ಕಂಡಿತು ಎಂದ ಹರಿಹರ. ಕಮಾನು ದಾಟಿದರೆ ದೊಡ್ಡ ಚೌಕ, ಚೌಕದ ಆಚೆಗೆ ನದಿ. ನದಿಯೆಂದರೆ ಹೆಸರಿಗೆ ನದಿ. ಕಡಲಿಗೆ ಸೇರುವ ಜಾಗವಾದ್ದರಿಂದ ಅಷ್ಟಗಲ, ಉಪ್ಪಿನ ವಾಸನೆ, ಹೊನ್ನಾವರದ ಅಳಿವೆಯ ಹಾಗೆಯೇ ಬಣ್ಣಗೆಟ್ಟ ನೀರು. ಅಗಲವಾದ ಕಲ್ಲಿನ ಮೆಟ್ಟಿಲುಗಳು ನೀರಿನೊಳಕ್ಕೇ ಇಳಿದು ಹೋಗಿದ್ದವು. ಮೇಲಿನ ಮೆಟ್ಟಿಲುಗಳಲ್ಲಿ ಜನ ಕೂತು ಬಿಸಿಲು ಕಾಯಿಸುತ್ತಿದ್ದರು. ಕಡಲಿನ ಭರತ ಏರುತ್ತಿತ್ತು, ಪಾಚಿ ಹಿಡಿದ ಕೆಳಗಿನ ಮೆಟ್ಟಿಲುಗಳನ್ನು ನೀರು ಒಂದೊಂದಾಗಿ ನುಂಗುವುದನ್ನು ಮೋಹನನ ಕಣ್ಣು ಅಭ್ಯಾಸಬಲದಿಂದ ಗುರುತಿಸಿತು. ಚೀಲ ಇಳಿಸಿ ಕೂತರು. ಬೆನ್ನು ಹಗುರಾದರೂ ಮೋಹನನಿಗೆ ಹಗುರವೆನಿಸಲಿಲ್ಲ.

ದುರ್ಗಪ್ಪ ಸುದ್ದಿ ಹೇಳುವವನಾಗಿದ್ದ. ಒಡೆಯರ ಮನೆಗಳಲ್ಲಿ ಸಾವಾದರೆ ನೆಂಟರಿಗೆ ತಿಳಿಸಲು ಮನೆಯವರು ಹೋಗುವಂತಿಲ್ಲ, ಮುಟ್ಟುವಂತಿಲ್ಲ, ಹೊಸಿಲು ದಾಟುವಂತಿಲ್ಲ. ಸೂತಕ ತಗುಲದ ಕಾಲು ಬೇಕು. ದುರ್ಗಪ್ಪ ಸೈಕಲ್ಲು ಹತ್ತಿ ಹೊನ್ನಾವರಕ್ಕೆ, ಕುಮಟೆಗೆ, ಆಚೆ ಕಾಗಾಲದವರೆಗೂ ಹೋಗಿ ಹೇಳಿ ಬರುತ್ತಿದ್ದ. ಅದಕ್ಕೊಂದು ಕ್ರಮ ಇತ್ತು. ಅಂಗಳದಲ್ಲೇ ನಿಲ್ಲಬೇಕು. ಮನೆಗೆ ನೇರ ಮುಖ ಮಾಡಬಾರದು, ಒಂದು ಬದಿಗೆ ತಿರುಗಿ ನಿಲ್ಲಬೇಕು. ಕೆಮ್ಮಿ, ಯಾರು, ಯಾವಾಗ ಎಂದು ಒಂದೇ ಮಾತಿನಲ್ಲಿ ಹೇಳಬೇಕು. ನೀರು ಕೇಳಬಾರದು, ಕೊಟ್ಟರೂ ಕುಡಿಯಬಾರದು. ಬರುತ್ತೇನೆ ಎನ್ನದೆ ತಿರುಗಿ ನಡೆಯಬೇಕು. ಕಣ್ಣಿನ ಪೊರೆ ಬಂದ ಮೇಲೆ ಒಂದು ಸಲ ಕಾಲೇಜಿಗೆ ರಜೆ ಹಾಕಿಸಿ ಮೋಹನನನ್ನು ಕರೆದುಕೊಂಡು ಹೋಗಿದ್ದ. ಕಾಗಾಲದ ಒಂದು ಮನೆಯಲ್ಲಿ ಹೋಳಿಗೆಯ ಊಟ ನಡೆದಿತ್ತು. ದುರ್ಗಪ್ಪ ಬದಿಗೆ ತಿರುಗಿ ಕೆಮ್ಮಿದ. ಒಳಗೆ ಎಲೆಯ ಮುಂದೆ ಇದ್ದವರೆಲ್ಲ ಊಟದಿಂದ ಕೈ ಎತ್ತಿದರು. ಒಬ್ಬ ಹೆಂಗಸು ಹೊರಗೆ ಬಂದು, ಊಟ ಮುಗಿಯುವವರೆಗೆ ತಡೆಯಲು ನಿನಗೇನಾಗಿತ್ತು ಎಂದು ದುರ್ಗಪ್ಪನನ್ನು ಬೈದಳು. ಸತ್ತವನ ಮೇಲಿನ ಸಿಟ್ಟೆಲ್ಲ ಬಿಸಿಲಲ್ಲಿ ನಿಂತ ಅಪ್ಪನ ತಲೆಯ ಮೇಲೆ. ಅಪ್ಪ ತಲೆತಗ್ಗಿಸಿ ಕೇಳಿಸಿಕೊಂಡ, ತಿರುಗಿ ನಡೆದ. ದಾರಿಯಲ್ಲಿ ಮೋಹನ, ಇನ್ನೊಂದು ಸಲ ಈ ಕೆಲಸಕ್ಕೆ ಹೋದರೆ ನಾನು ಮನೆಗೆ ಬರುವುದಿಲ್ಲ ಎಂದು ಅಪ್ಪನ ಮೇಲೇ ಹರಿಹಾಯ್ದ. ಓದಿದ, ನೌಕರಿ ಹಿಡಿದ, ಮಗಳು ಚಂದನಾ ಆರಿಸಿ ಕೊಡಿಸಿದ ಈ ದುಬಾರಿ ಚೀಲ ಹೊತ್ತು ಸಮುದ್ರ ದಾಟಿ ಬಂದ. ಬಂದು ಇಲ್ಲಿ, ಸೂತಕ ತಗುಲದ ಕಾಲಾಗಿ, ಆ ಕೆಲಸಕ್ಕೇ ನಿಂತಿದ್ದ. ಅಪ್ಪನಿಗಾದರೂ ಹೇಳುವ ಕೆಲಸ ಇತ್ತು. ಇವನಿಗೆ ಹೇಳದೆ ಇರುವ ಕೆಲಸ.

ಮೊಬೈಲು ಕೊಡು ಎಂದ ಹರಿಹರ. ಅಣ್ಣಯ್ಯನಿಗೆ ಒಂದು ದನಿ ಕಳಿಸಬೇಕು.  ಚಾರ್ಜು ಇಲ್ಲ ಎಂದ ಮೋಹನ. ಈಗಷ್ಟೇ ಟ್ರಾಮಿನ ಫೋಟೋ ತೆಗೆದೆಯಲ್ಲ ಎಂದು ಹರಿಹರ ಅವನ ಕಿಸೆಗೇ ಕೈಹಾಕಿದ, ಕಾಲೇಜಿನ ದಿನಗಳಲ್ಲಿ ಬೀಡಿ ಹುಡುಕುತ್ತಿದ್ದ ಹಾಗೆ. ಕಸಿದುಕೊಂಡರೆ ಸಂಶಯ ಬರುತ್ತದೆ. ಬಿಟ್ಟರೆ? ಮೋಹನ ಬಿಟ್ಟ. ಹರಿಹರ ಸುಬ್ರಾಯಣ್ಣನ ಹೆಸರು ಹುಡುಕಿ, ಬೆರಳೊತ್ತಿ ಹಿಡಿದು, ಮೊಬೈಲನ್ನು ಬಾಯಿಯ ಹತ್ತಿರ ತಂದು, ಅಣ್ಣಯ್ಯ ಎಂದು ಶುರುಮಾಡಿದ. ಊರು ಚೆನ್ನಾಗಿದೆ, ಮೋಹನ ಸರಿಯಾಗಿ ಉಣ್ಣುವುದಿಲ್ಲ, ದಾಲ್ಚಿನ್ನಿಯನ್ನು ಇವರು ಸಿಹಿಯ ಮೇಲೆ ಉದುರಿಸಿಕೊಂಡು ತಿನ್ನುತ್ತಾರೆ, ನಮ್ಮ ತೋಟದ ಚೆಕ್ಕೆ ತಂದಿದ್ದರೆ ಇಲ್ಲೇ ಅಂಗಡಿ ಇಡಬಹುದಿತ್ತು. ಆಮೇಲೆ ದನಿ ಸ್ವಲ್ಪ ಇಳಿಸಿ, ಮುಂದಿನ ಸಲ ನಿನ್ನನ್ನೂ ಕರೆತರುತ್ತೇನೆ, ನೀನು ಕುಮಟೆ ದಾಟಿ ಎಲ್ಲಿಗೂ ಹೋದವನಲ್ಲ ಎಂದ. ಕೊನೆಗೆ ಮೊಬೈಲನ್ನು ನೀರಿನ ಕಡೆ ಹಿಡಿದು, ಮೆಟ್ಟಿಲಿಗೆ ಅಲೆ ಬಡಿಯುವ ಸದ್ದು ಕೇಳಿಸಿ, ಬೆರಳು ಬಿಟ್ಟ. ದನಿ ಹೋಯಿತು. ಮೋಹನ ನೋಡುತ್ತ ಕೂತಿದ್ದ. ಎರಡು ಬೂದು ಗುರುತು ಮೂಡಿದವು. ಕಾಯ್ಕಿಣಿಯಲ್ಲಿ ಈಗ ಸಂಜೆ. ಆ ಮೊಬೈಲು ಎಲ್ಲಿರಬಹುದು, ಜಗಲಿಯ ಗೂಡಿನಲ್ಲೋ, ಅತ್ತಿಗೆಯ ದಿಂಬಿನ ಬದಿಯಲ್ಲೋ? ಗುರುತು ನೀಲಿಯಾಯಿತು.

"ನೋಡು, ಅಣ್ಣಯ್ಯ ಕೇಳ್ದ" ಎಂದು ಹರಿಹರ ಮೋಹನನ ತೊಡೆಗೆ ಬಡಿದ. ಈಗ ಉತ್ತರ ಬರುತ್ತದೆ ನೋಡು, ನಾಲ್ಕು ಮಾತಿನ ಮೇಲೆ ಐದನೆಯದು ಆಡುವವನಲ್ಲ, ಹೂಂ ಎಂದು ಕಳಿಸುತ್ತಾನೆ ಎಂದು ಪರದೆಯ ಮೇಲೆ ಕಣ್ಣು ನೆಟ್ಟ. ಆ ಕಡೆಯಿಂದ ಯಾರೋ ಏನೋ ಬರೆಯುತ್ತಿದ್ದಾರೆಂದು ಮೇಲೆ ಮೂಡಿತು. ನಿಂತಿತು. ಮತ್ತೆ ಮೂಡಿತು. ಯಾರು? ಅನೂಪನೋ, ಸುಬ್ರಾಯಣ್ಣನ ಹೆಂಡತಿಯೋ? ಗಂಡನ ಮೊಬೈಲಿನಲ್ಲಿ ಮೈದುನನ ನಗುವ ದನಿ ಕೇಳಿ, ಮುಂದಿನ ಸಲ ನಿನ್ನನ್ನೂ ಕರೆತರುತ್ತೇನೆ ಎನ್ನುವುದನ್ನು ಕೇಳಿ, ಅವಳು ಏನು ಬರೆಯಬೇಕೆಂದು ತಿಳಿಯದೆ ಬರೆದು ಅಳಿಸುತ್ತಿರಬಹುದೇ? ಸತ್ತವನ ಹೆಸರಿನಲ್ಲಿ ಹೂಂ ಎಂದು ಬಂದುಬಿಟ್ಟರೆ? ಅದನ್ನು ಓದಿ ಇವನು ಮತ್ತೆ ನಕ್ಕುಬಿಟ್ಟರೆ? ಮೋಹನನಿಗೆ ಇನ್ನು ಆಗಲಿಲ್ಲ. ಹೇಗೆ ಎದ್ದನೋ ತಿಳಿಯದು. ಎದ್ದು, ಮೊಬೈಲನ್ನು ಕಿತ್ತು ಕಿಸೆಗೆ ಹಾಕಿಕೊಂಡು, ನದಿಯ ಕಡೆ ಮುಖ ಮಾಡಿ ನಿಂತ.

"ಹರಿ, ಸುಬ್ರಾಯಣ್ಣ ಮೊನ್ನೆ ಬೆಳಿಗ್ಗೆ ಹೋದ."

 ಪಕ್ಕದಲ್ಲಿ ಯಾರೋ ಗಿಟಾರಿನ ತಂತಿ ಸರಿಮಾಡುತ್ತಿದ್ದರು. ಹೇಳಿ ಮುಗಿಸಿದ ಕಾಲುಗಳು ತಿರುಗಿ ನಡೆಯಲು ಸಿದ್ಧವಾದದ್ದು ಮೋಹನನಿಗೆ ಗೊತ್ತಾಯಿತು. ಪಾದ ಆಗಲೇ ಚೌಕದ ಕಡೆ ಹೊರಳಿತ್ತು. ಎಲ್ಲಿಗೆ ನಡೆಯುವುದು? ಬಲವಂತವಾಗಿ ಕುತ್ತಿಗೆ ತಿರುಗಿಸಿ ನೋಡಿದ. ಹರಿಹರ ತನ್ನ ಬಲಗೈ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. ದಾಲ್ಚಿನ್ನಿಯ ಪುಡಿ ಇನ್ನೂ ಇತ್ತು. ಅದನ್ನು ಪ್ಯಾಂಟಿಗೆ ಉಜ್ಜಿದ, ಹೋಗಲಿಲ್ಲವೆಂದು ಮತ್ತೆ ಉಜ್ಜಿದ. ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದ. ಮೊನ್ನೆಯೇ ಎಂದ ಮೋಹನ. ಮಠದ ಹತ್ತಿರವೋ? ಹೂಂ. ಯಾರು? ಅನೂಪ. ಹರಿಹರ ಆ ಎರಡು ದಿನಗಳನ್ನು ಒಂದೊಂದಾಗಿ ಹಿಂದಕ್ಕೆ ನಡೆದು ನೋಡುತ್ತಿದ್ದು ಅವನ ಮುಖದಲ್ಲೇ ಕಾಣುತ್ತಿತ್ತು. ಬೈಯಲಿ ಎಂದು ಮೋಹನ ಕಾದ. ಹೊಡೆದರೂ ಸರಿ. ಆದರೆ ಹರಿಹರ, ಎಲ್ಲೋ ದೂರದ್ದನ್ನು ನೋಡುವವನಂತೆ, ಮೆಲ್ಲಗೆ ಬೇರೆಯೇ ಹೇಳಿದ.

"ದುರ್ಗಪ್ಪನೂ ಹೀಂಗೇ ಹೇಳ್ತಿದ್ದ. ಮೋರೆ ಆಚೆ ಮಾಡ್ಕಂಡು."

ಅವಮಾನ ಮಾಡಬೇಕೆಂದು ಆಡಿದ್ದಲ್ಲ. ಹಾಗೆ ಆಡಿದ್ದರೆ ಉತ್ತರ ಕೊಡಬಹುದಿತ್ತು.  ಹರಿಹರ ಬೂಟು ಕಾಲುಚೀಲ ಕಳಚಿ, ಕನ್ನಡಕ ತೆಗೆದು ಬೂಟಿನೊಳಗಿಟ್ಟು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ಬಿಸಿಲಿಗೆ ಕೂತವರು ಕಾಲು ಎಳೆದುಕೊಂಡು ದಾರಿಬಿಟ್ಟರು. ಪಾಚಿಯ ಮೆಟ್ಟಿಲ ಹತ್ತಿರ ಬಂದಾಗ ಕಾಲು ಜಾರಿತು. ತೋಟದ ಬದಿಯಲ್ಲಿ ಬೆಳೆದವನಿಗೆ ಏರುವ ನೀರಿನ ಅಂದಾಜಿಲ್ಲ, ಈಜೂ ಬರುವುದಿಲ್ಲ. ಮೋಹನ ಹಿಂದಿನಿಂದ ಹಾರಿ ಬಂದು ತೋಳು ಹಿಡಿದ.

"ಮುಟ್ಟಡ" ಎಂದ ಹರಿಹರ.

ಹೆದರಿದ್ದ ಮಾತು ಬಂದೇಬಿಟ್ಟಿತ್ತು. ಬಂದದ್ದು ಸೂತಕದಿಂದಲೋ ಲೋಟ ಬೋರಲು ಹಾಕಿದ ಆ ಅಂಗಳದಿಂದಲೋ ಎಂದು ಬಿಡಿಸಿ ನೋಡುವ ತ್ರಾಣ ಮೋಹನನಲ್ಲಿರಲಿಲ್ಲ. ಅವನು ಕೈ ಬಿಡಲಿಲ್ಲ. ಹರಿಹರ ತಿರುಗಿಯೂ ನೋಡದೆ, ಆ ಹಿಡಿತದಲ್ಲೇ ಸೊಂಟದ ಮಟ್ಟ ಇಳಿದು, ಮೂಗು ಹಿಡಿದು ಮುಳುಗಿದ. ಮೇಲಿನಿಂದ ಯಾರೋ ಸಿಳ್ಳೆ ಹಾಕಿದರು, ಯಾರೋ ಚಪ್ಪಾಳೆ ತಟ್ಟಿದರು. ಮುದುಕರಿಬ್ಬರು ಪಂದ್ಯ ಕಟ್ಟಿ ನೀರಿಗಿಳಿದಿದ್ದಾರೆಂದು ತಿಳಿದಿರಬೇಕು. ಹರಿಹರ ಮತ್ತೆ ಮುಳುಗಿದ, ಮತ್ತೆ. ಕೊನೆಯ ಸಲ ಎದ್ದಾಗ ಬೊಗಸೆಯಲ್ಲಿ ನೀರೆತ್ತಿ, ಅಣ್ಣನ ಹೆಸರು ಹೇಳಿ ಬಿಟ್ಟ. ಆಮೇಲೆ ಒದ್ದೆ ಮೆಟ್ಟಿಲ ಮೇಲೆ ಕುಸಿದು ಕೂತು, ಬಾಯಿ ತೆರೆದು ಅತ್ತ. ಅವನು ಹಾಗೆ ಅತ್ತದ್ದನ್ನು ಮೋಹನ ಎಂದೂ ನೋಡಿರಲಿಲ್ಲ. ಮೇಲಿನವರು ನೋಡುವುದನ್ನು ಬಿಟ್ಟು ಬೇರೆ ಕಡೆ ತಿರುಗಿಕೊಂಡರು.

ಸ್ವಲ್ಪ ಹೊತ್ತಾದ ಮೇಲೆ ಹರಿಹರ ಮುಖ ಒರೆಸಿಕೊಂಡು, ನೀನು ಮುಟ್ಟಿದೆ, ಹಾಸ್ಟೆಲಿಗೆ ಹೋಗಿ ಬಿಸಿನೀರು ಹಾಕಿಕೋ, ಅಷ್ಟು ಸಾಕು ಎಂದ. ದನಿ ಶಾಂತವಾಗಿತ್ತು, ನೆಂಟರಿಗೆ ಕ್ರಮ ತಿಳಿಸುವ ಮನೆಯ ಯಜಮಾನನ ದನಿ. ಈಗ ಅಣ್ಣನ ಜಾಗಕ್ಕೆ ಇವನೇ ಹಿರಿಯ ಎಂದು ಮೋಹನನಿಗೆ ಹೊಳೆಯಿತು. ಹೇಳಬಾರದೆಂದುಕೊಂಡದ್ದು ಆಗ ಬಾಯಿಂದ ಬಿತ್ತು.

"ನಂಗೂ ಅದೆ ಹರಿ, ಸೂತಕ. ಮೊನ್ನೆಯಿಂದ ನಾ ಹಿಡ್ದಿದ್ದೆ."

ಹರಿಹರ ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಅವನನ್ನು ನೋಡಿದ. ತಿನ್ನದೇ ಬಿಟ್ಟ ಸಿಹಿ, ಮೀನು, ಹೊಗದೆ ನಿಂತ ಮಠ, ಹಗ್ಗದ ಮೇಲೆ ಒಣಗುತ್ತಿದ್ದ ಪ್ಯಾಂಟು ಒಂದೊಂದೂ ಅವನಿಗೆ ಈಗ ಅರ್ಥವಾಗುತ್ತಿರಬೇಕು.  ಆಮೇಲೆ ತುಂಬ ಮೃದುವಾಗಿ, ತಪ್ಪು ಮಾಡಿದ ಮಗುವಿಗೆ ತಪ್ಪಿಲ್ಲ ಎಂದು ಬಿಡಿಸಿ ಹೇಳುವ ಹಾಗೆ ಹೇಳಿದ.

"ನಿಂಗೆ ಬತ್ತಿಲ್ಲೆ ಮಾರಾಯ. ನೀ ನಮ್ಮ ಪೈಕಿ ಎಂತೂ ಅಲ್ಲ. ನೀ ಉಣ್ಣು, ತಿನ್ನು. ನಿಂಗೆ ದೋಷ ಇಲ್ಲೆ."

ದೋಷ ಇಲ್ಲ. ಅನೂಪ ಹೇಳಿದ್ದೂ ಇದನ್ನೇ. ಇಬ್ಬರೂ ಒಳ್ಳೆಯದಕ್ಕೇ ಹೇಳಿದ್ದು.  ನಿನ್ನ ಅಣ್ಣ ನನ್ನ ಪಕ್ಕ ಕೂತು ಚಾ ಕುಡಿದವನು ಎಂದು ಮೋಹನನಿಗೆ ಹೇಳಬೇಕೆನಿಸಿತು. ನಿನಗೆ ಅವನು ಅಣ್ಣ, ಹುಟ್ಟಿನಿಂದ ಸಿಕ್ಕಿದವನು, ನನಗೆ ಅವನು ಮೆಟ್ಟಿಲು ಇಳಿದು ಬಂದು ಸಿಕ್ಕಿದವನು, ಯಾರ ಲೆಕ್ಕ ದೊಡ್ಡದು ಎಂದು ಕೂಗಬೇಕೆನಿಸಿತು. ಕೂಗಿ ಏನು ಉಪಯೋಗ? ಇಲ್ಲ ಎಂದವರ ಹತ್ತಿರ ದುಃಖವನ್ನು ಬೇಡಿ ಪಡೆಯಲಾಗುತ್ತದೆಯೇ? ಅವನು ಕಿಸೆಯ ಮೊಬೈಲು ತೆಗೆದು ಮೆಟ್ಟಿಲ ಮೇಲಿಟ್ಟ. ಬೂಟು ಬಿಚ್ಚುವ ಗೋಜಿಗೂ ಹೋಗದೆ ಹರಿಹರನನ್ನು ದಾಟಿ ಕೆಳಗಿಳಿದ. ಪಾಚಿಯ ಮೇಲೆ ಅವನ ಕಾಲು ಜಾರಲಿಲ್ಲ. ನೀರು ಮೊಣಕಾಲಿಗೆ, ತೊಡೆಗೆ, ಎದೆಗೆ ಬಂತು. ಮೂಳೆಯವರೆಗೆ ಕೊರೆಯುವ ತಣ್ಣೀರು. ಯಾರ ಅಪ್ಪಣೆಯೂ ಇಲ್ಲದೆ, ಯಾರ ಹೆಸರಿನ ಹಕ್ಕೂ ಇಲ್ಲದೆ ಮುಳುಗಿದ. ಒಳಗೆ ಕಣ್ಣು ತೆರೆದರೆ ಹಸಿರು ಕತ್ತಲೆ, ಏನೂ ಕಾಣಲಿಲ್ಲ. ಅಲ್ಲೇ, ನೀರೊಳಗೇ, ಅಳು ಬಂತು. ಉಸಿರು ಕಟ್ಟಿ ಮೇಲೆದ್ದು, ಕೆಮ್ಮುತ್ತ, ಉಪ್ಪುನೀರು ಉಗುಳುತ್ತ ಮೆಟ್ಟಿಲ ಕಡೆ ತಿರುಗಿದ.

ಹರಿಹರ ಮೊಣಕಾಲು ಅಪ್ಪಿಕೊಂಡು ಕೂತು ಅವನನ್ನೇ ನೋಡುತ್ತಿದ್ದ. ಹಲ್ಲು ಕಟಕಟ ಎನ್ನುತ್ತಿತ್ತು.  

"ಒಂದ್ಸಲ ಸಾಕಾಗ್ತಿಲ್ಲೆ" ಎಂದ. "ಮೂರು ಸಲ ಮುಳುಗವು."

ಮೋಹನ ಮೂಗು ಹಿಡಿದುಕೊಂಡು ಮತ್ತೆ ಮುಳುಗಿದ.